ಪೆಂಗ್ವಿನ್ ಪಕ್ಷಿಗೆ ಕೊಟ್ಟ ಗ್ಯಾಲರಿ

ಇವರಿಗೆ,
ಶ್ರೀಮಾನ್ ಪೆಂಗ್ವಿನ್ ಪಕ್ಷಿಯವರು,
ಪುಕ್ಕಟೆ ಆಪರೇಟಿಂಗ್ ಸಿಸ್ಟಮ್‌ನ ಲಾಂಛನ ಹಾಗೂ ಯಜಮಾನರು,
ಕಾಯಂ ವಿಳಾಸ: ದಕ್ಷಿಣ ಧ್ರುವ,
ಹಾಲಿ ಮೊಕ್ಕಾಂ: ನನ್ನ ಕಂಪ್ಯೂಟರು, ದಹಿಸರ್ ಪೂರ್ವ, ಮುಂಬಯಿ.

ವಿಷಯ: ತಾವು ನನ್ನ ಮನೆಗೆ ಬಂದು, ಹೇಳಿಕೊಳ್ಳುವಂಥ ಒಂದು ತಪ್ಪನ್ನೂ ಮಾಡದೆ, ನನ್ನನ್ನು ಪೇಚಿಗೆ ಸಿಕ್ಕಿಸಿದ ಬಗ್ಗೆ.

ಮಾನ್ಯರೇ,

ತಮ್ಮ ಕಪ್ಪು ಕೋಟಿಗೂ ಬಿಳಿ ಅಂಗಿಗೂ ಆ ಸುಖಿ ಹೊಟ್ಟೆಗೂ ಮೊದಲಾಗಿ ನನ್ನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ನಾವೆಲ್ಲ ಎಂದರೆ ನಾನೊಬ್ಬನೇ. ಆದರೆ ಒಬ್ಬನೇ ಕ್ಷೇಮ ಎಂದು ಬರೆಯುವ ಕ್ರಮ ನಮ್ಮ ಊರಿನ ಕಾಗದಗಳಲ್ಲಿ ಇಲ್ಲವಾದ್ದರಿಂದ ಹಾಗೆ ಬರೆದಿದ್ದೇನೆ. ದಕ್ಷಿಣ ಧ್ರುವದ ಪಿನ್ ಕೋಡ್ ದಹಿಸರ್ ಪೋಸ್ಟಾಫೀಸಿನವರಿಗೂ ಗೊತ್ತಿಲ್ಲ, ಕೇಳಿದ್ದಕ್ಕೆ ಕೌಂಟರಿನ ಹೆಂಗಸು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆದಕಾರಣ ಈ ಪತ್ರವನ್ನು ನಮ್ಮ ಕನ್ನಡ ಸಂಘದ ಮಾಸಿಕದಲ್ಲಿ ಬಹಿರಂಗವಾಗಿ ಹಾಕಿಸುತ್ತಿದ್ದೇನೆ. ತಮಗೆ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ.

ದೂರಿನ ಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್' ಎಂದೇ ಪ್ರಾರಂಭಿಸಬೇಕೆಂದು ನಮ್ಮ ಕಾಲೇಜಿನ ಇಂಗ್ಲಿಷ್ ಪ್ರೊಫೆಸರರು ಕಲಿಸಿದ್ದರು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮಾಟುಂಗದ ನೈಟ್ ಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಎರಡು ವರ್ಷ ಬೆಳಗಿನ ಕಾಲೇಜಿಗೂ ಹೋದವನು ನಾನು. ಆದರೆ ಆ ವಾಕ್ಯದ ಮುಂದಿನ ಭಾಗವನ್ನು ಕಲಿಸಿದ ದಿನ ನನಗೆ ಹೋಟೆಲಿನಲ್ಲಿ ಡಬಲ್ ಡ್ಯೂಟಿ ಬಿತ್ತು. ಹೀಗಾಗಿ ಐ ಬೆಗ್ ಟು ಸ್ಟೇಟ್ ಎನ್ನುವವರೆಗೆ ನನಗೆ ಸ್ವಚ್ಛ ಬರುತ್ತದೆ. ಸ್ಟೇಟ್ ಮಾಡುವುದನ್ನು ಮಾತ್ರ ಕನ್ನಡದಲ್ಲೇ ಮಾಡಬೇಕಾಗಿದೆ, ಕ್ಷಮೆಯಿರಲಿ.

ನನ್ನ ಪರಿಚಯ. ಹೆಸರು ದೂಜ ಸಾಲಿಯಾನ್, ವಯಸ್ಸು ಎಪ್ಪತ್ತಮೂರು, ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಹಿಡಿದು ಮ್ಯಾನೇಜರನ ಕುರ್ಚಿಯವರೆಗೆ ಒಟ್ಟು ನಲವತ್ತೆರಡು ವರ್ಷ. ನನ್ನ ಹೆಂಡತಿ ನೀಲಾವತಿ ತೀರಿಕೊಂಡು ಮೂರು ವರ್ಷವಾಯಿತು. ಮಗಳು ನಿಶಾ ಠಾಣೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ದಿನಕ್ಕೆ ಎರಡು ಸಲ ಫೋನು ಮಾಡಿ ನಾನು ತಿಂದದ್ದರ ಪಟ್ಟಿ ಕೇಳುತ್ತಾಳೆ. ಇಷ್ಟು ಬಿಟ್ಟರೆ ಒಂದು ಕೋಣೆ, ಒಂದು ಅಡಿಗೆಮನೆ, ಅಡಿಗೆಮನೆಯ ಬಾಗಿಲ ಪಕ್ಕ ಒಂದು ಮೇಜು, ಮೇಜಿನ ಮೇಲೆ ಕ್ರೋಶಾದ ಮುಸುಕು ಹೊದ್ದ ಕಂಪ್ಯೂಟರು. ಮುಸುಕು ನೀಲಾವತಿ ಹೆಣೆದದ್ದು. ತಾವು ಈಗ ಕುಳಿತಿರುವುದು ಅದರ ಅಡಿಯಲ್ಲೇ, ಸೆಕೆಯಾದರೆ ತಿಳಿಸಿ.

ಆ ಕಂಪ್ಯೂಟರನ್ನು ಕೊಂಡದ್ದು ನಿಶಾಳ ಓದಿಗೆಂದು. ಅವಳು ಓದಿ, ಕೆಲಸ ಹಿಡಿದು, ಮದುವೆಯಾಗಿ ಹೋದ ಮೇಲೆ ಅದು ಅವಳ ಅಮ್ಮನ ಪಾಲಿಗೆ ಬಂತು. ನೀಲಾವತಿ ಅದರಲ್ಲಿ ಕಲಿತದ್ದು ಒಂದೇ ಒಂದು ವಿದ್ಯೆ: ಹಳೆಯ ಸಿಸ್ಟಮ್‌ನ ಜೊತೆಯಲ್ಲೇ ಬಂದಿದ್ದ ಇಸ್ಪೀಟಾಟ. ಒಬ್ಬರೇ ಆಡುವಂಥದ್ದು, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಟ್ಟು ರಾಜನಿಂದ ಇಳಿಸಿಕೊಂಡು ಬರುವುದು. ಮಧ್ಯಾಹ್ನದ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಮೂರು ಗಂಟೆಗೆ ಸರಿಯಾಗಿ ಆ ಸ್ಟೂಲಿನಲ್ಲಿ ಕುಳಿತಳೆಂದರೆ ಕೆಳಗೆ ಬಿಲ್ಡಿಂಗಿಗೆ ನೀರಿನ ಟ್ಯಾಂಕರು ಬಂದರೂ ಏಳುತ್ತಿರಲಿಲ್ಲ. ದಹಿಸರಿನಲ್ಲಿ ಟ್ಯಾಂಕರಿಗೆ ಏಳದ ಹೆಂಗಸು ಎಂದರೆ ಏನು ಎಂಬುದು ಹಿಮದ ಮೇಲೆ ನಿಂತ ತಮಗೆ ಹೇಗೆ ತಿಳಿಯಬೇಕು.

ಇದರಲ್ಲಿ ನನಗೂ ಒಂದು ಗೌರವದ ಸ್ಥಾನವಿತ್ತು. ನಾನು ಡ್ಯೂಟಿಯಿಂದ ಬಂದು, ಚಪ್ಪಲಿ ಬಿಡುವುದಕ್ಕೂ ಮೊದಲೇ, ಅವಳು ಸ್ಟೂಲಿನಿಂದ ಕೂಗುತ್ತಿದ್ದಳು, "ಬಂದ್ರಾ? ಇಲ್ಲಿ ಬನ್ನಿ, ಇದೊಂದು ಒತ್ತಿ ಹೋಗಿ." ನನ್ನ ಕನ್ನಡಕ ಅಂಗಿಯ ಜೇಬಿನಲ್ಲಿರುತ್ತಿತ್ತು. ಅವಳು ಬೆರಳಿನಿಂದ ಬಲಗಡೆಯ ಗುಂಡಿಯೊಂದನ್ನು ತೋರಿಸುತ್ತಿದ್ದಳು, ನಾನು ಒತ್ತುತ್ತಿದ್ದೆ, ಎಲೆಗಳು ಹೊಸದಾಗಿ ಹರಡಿಕೊಳ್ಳುತ್ತಿದ್ದವು, ಅವಳ ಮುಖ ಅರಳುತ್ತಿತ್ತು. ನಿವೃತ್ತಿಯಾಗಿ ಮನೆಯಲ್ಲೇ ಇರತೊಡಗಿದ ಮೇಲಂತೂ ಸ್ನಾನದ ನಡುವೆಯೂ ಕರೆ ಬರುತ್ತಿತ್ತು. ಸಂಘದ ಸಮಾರಂಭಗಳಲ್ಲಿ ಗಣ್ಯರಿಂದ ದೀಪ ಬೆಳಗಿಸುತ್ತಾರಲ್ಲ, ಹಾಗೆ ಆಟದ ಉದ್ಘಾಟನೆ ಗಂಡನ ಕೈಯಿಂದಲೇ ಆಗಬೇಕೆಂಬುದು ಅವಳ ನಂಬಿಕೆ ಇರಬೇಕು ಎಂದುಕೊಂಡು ನಾನು ಹತ್ತು ವರ್ಷ ಎದೆಯುಬ್ಬಿಸಿ ಒತ್ತಿದ್ದೇನೆ.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಆ ಆಟವನ್ನು ತೆರೆದೆ. ಯಂತ್ರ ಒಂದು ಸಣ್ಣ ಚೌಕವನ್ನು ಮುಂದಿಟ್ಟು ಕೇಳಿತು: ಹಿಂದೆ ಉಳಿಸಿಟ್ಟ ಆಟವೊಂದಿದೆ, ಮುಂದುವರಿಸಬೇಕೇ? ಎಡಕ್ಕೆ ಯೆಸ್, ಬಲಕ್ಕೆ ನೋ. ಎಂದರೆ ಅವಳು ಆಸ್ಪತ್ರೆಗೆ ಹೊರಡುವ ಮೊದಲು ಆಡಿ ಅರ್ಧಕ್ಕೆ ಬಿಟ್ಟ ಆಟ ಅಲ್ಲಿ ಹಾಗೆಯೇ ಕುಳಿತಿತ್ತು. ನಾನು ಯೆಸ್ ಎನ್ನಲಿಲ್ಲ. ಅವಳು ಇಟ್ಟ ಎಲೆಗಳನ್ನು ನನ್ನ ಒರಟು ಕೈ ಹಾಳುಮಾಡಬಾರದು. ನೋ ಎನ್ನಲಿಲ್ಲ, ಆಟವೇ ಅಳಿಸಿಹೋಗುವ ಆ ಮಾತನ್ನು ಯಾರು ಹೇಳುತ್ತಾರೆ? ಮೂಲೆಯ ಇಂಟು ಗುರುತನ್ನು ಒತ್ತಿ ಎದ್ದುಬಿಟ್ಟೆ. ಅಂದಿನಿಂದ ಮೂರು ವರ್ಷ, ವಾರಕ್ಕೊಮ್ಮೆ ತೆರೆಯುವುದು, ಅದು ಕೇಳುವುದು, ನಾನು ಉತ್ತರ ಹೇಳದೆ ಏಳುವುದು. ಮಾನ್ಯರೇ, ನನ್ನ ಮನೆಯಲ್ಲಿ ದೇವರ ಫೋಟೋ ಬಿಟ್ಟರೆ ನಾನು ಕೈಮುಗಿಯುತ್ತಿದ್ದದ್ದು ಈ ಚೌಕಕ್ಕೆ.

ಹೀಗಿರುವಾಗ ಹಳೆಯ ಸಿಸ್ಟಮ್ಮಿಗೆ ಮುಪ್ಪು ಬಂತು. ಯಾವ ಸೈಟಿಗೆ ಹೋದರೂ ಬಾಗಿಲಲ್ಲೇ ತಡೆದು, ತಾವು ಬಹಳ ಹಳಬರು, ದಯವಿಟ್ಟು ಹೊಸಬರಾಗಿ ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸತೊಡಗಿದರು. ಸಂಘದ ಈಮೇಲ್ ತೆರೆಯಲಿಲ್ಲ. ರೈಲಿನ ಟಿಕೇಟು ತೆರೆಯಲಿಲ್ಲ. ಊರಿನ ಯಕ್ಷಗಾನದ ನೇರ ಪ್ರಸಾರದಲ್ಲಿ ಚೆಂಡೆಯ ಪೆಟ್ಟು ಬಿದ್ದು ಅರ್ಧ ನಿಮಿಷವಾದ ಮೇಲೆ ವೇಷಧಾರಿಯ ಕಾಲು ಏಳುತ್ತಿತ್ತು. ನಿಶಾ ಫೋನಿನಲ್ಲಿ, "ಪಪ್ಪಾ, ವೋ ಡಬ್ಬಾ ಫೇಕ್ ದೋ ನಾ, ಬಿಸಾಡಿ. ನಾನು ಹೊಸದು ಕಳಿಸ್ತೇನೆ, ಪತ್ಲಾ ವಾಲಾ, ತೆಳ್ಳಗಿನದು," ಎಂದಳು. ಹೊಸದು ಬರಲಿ, ಬೇಡ ಎನ್ನುವವನಲ್ಲ. ಆದರೆ ಒಂದು ಕೋಣೆಯ ಮನೆಯಲ್ಲಿ ಎರಡು ಕಂಪ್ಯೂಟರು ಇಡಬೇಕಾದರೆ ಒಂದೋ ಮಂಚವನ್ನು ಹೊರಗಿಡಬೇಕು, ಇಲ್ಲವೇ ನನ್ನನ್ನು. ಹಳೆಯದು ಹೋದರೆ ಅದರೊಂದಿಗೆ ಚೌಕವೂ ಹೋಗುತ್ತದೆ. ಈ ಮಾತನ್ನು ನಾನು ನಿಶಾಳಿಗೆ ಹೇಳಲಿಲ್ಲ. ಮೌಸ್ ಕೈಗೆ ಒಗ್ಗಿದೆ ಎಂದೆ.

ತಮ್ಮ ಹೆಸರನ್ನು ನನ್ನ ಕಿವಿಗೆ ಹಾಕಿದವರು ಅಮೀರಸಾಬರು. ವಿಜಾಪುರದ ಕಡೆಯವರು, ಮೂವತ್ತು ವರ್ಷದಿಂದ ದಹಿಸರ್ ಸ್ಟೇಷನ್ನಿನ ಹತ್ತಿರ ಕಂಪ್ಯೂಟರು, ಪ್ರಿಂಟರು ರಿಪೇರಿಯ ಅಂಗಡಿ ಇಟ್ಟಿದ್ದಾರೆ, ನಮ್ಮ ಸಂಘದ ಆಜೀವ ಸದಸ್ಯರು. ಸಮಸ್ಯೆ ಕೇಳಿ ಅವರು, "ಎರಡು ಡಬ್ಬಿ ಯಾಕ್ ಬೇಕ್ರಿ ಸಾಹೇಬ್ರ? ಒಂದ ಡಬ್ಬಿನಾಗ ಇಬ್ಬರನ್ನ ಇಡೂಣಲ್ರಿ," ಎಂದರು. ಹಳೆಯವರು ಹಾಗೆಯೇ ಇರುತ್ತಾರೆ, ಪಕ್ಕದಲ್ಲಿ ಹೊಸಬರು ಬಂದು ಕೂರುತ್ತಾರೆ, ಬೇಕಾದಾಗ ಬೇಕಾದವರನ್ನು ಎಬ್ಬಿಸಬಹುದು, ಮತ್ತು ಹೊಸಬರು ಪುಕ್ಕಟೆ. ಒಂದೇ ಕೋಣೆಯಲ್ಲಿ ಎರಡು ಸಂಸಾರ ಎಂಬ ಮಾತು ಮುಂಬಯಿಯವನಿಗೆ ಅರ್ಥವಾದಷ್ಟು ಬೇಗ ಪ್ರಪಂಚದ ಇನ್ನಾರಿಗೂ ಅರ್ಥವಾಗಲಿಕ್ಕಿಲ್ಲ. ಕೂಡಲೇ ಒಪ್ಪಿದೆ.

ಪುಕ್ಕಟೆ ಎಂಬ ಶಬ್ದಕ್ಕೆ ಮಾತ್ರ ಮನಸ್ಸು ಕೊಂಚ ಹಿಂಜರಿಯಿತು. ಹೋಟೆಲಿನಲ್ಲಿ ನಲವತ್ತೆರಡು ವರ್ಷ ಪುಕ್ಕಟೆ ಸಾಂಬಾರು ಬಡಿಸಿದವನು ನಾನು. ಎರಡು ಇಡ್ಲಿಗೆ ಐದು ಸಲ ಸಾಂಬಾರು ಹಾಕಿಸಿಕೊಂಡು, ಆರನೆಯ ಸಲಕ್ಕೆ ಅದು ತಣ್ಣಗಿದೆ ಎಂದು ನನ್ನನ್ನೇ ಕರೆಸಿ ಬೈದು ಹೋದವರ ಮುಖಗಳು ಇನ್ನೂ ನೆನಪಿವೆ. ಪುಕ್ಕಟೆ ಕೊಟ್ಟವನ ಕಷ್ಟ ಬಲ್ಲವನಾದ್ದರಿಂದ ತಮ್ಮನ್ನು ಕೊನೆಯವರೆಗೂ ಗೌರವದಿಂದ ಕಾಣಬೇಕೆಂದು ನಿಶ್ಚಯಿಸಿದೆ. ಈ ಪತ್ರದ ಭಾಷೆ ಅದಕ್ಕೆ ಸಾಕ್ಷಿ.

ಅಮೀರಸಾಬರು ಕೊಟ್ಟ ಪೆನ್ ಡ್ರೈವಿನಲ್ಲಿ ತಾವು ಬಂದಿರಿ. ಬಂದವರೇ, ಒಳಗೆ ಹಾಕಿಕೊಳ್ಳದೆಯೇ ನನ್ನನ್ನು ಬಳಸಿ ನೋಡಿ ಎಂದಿರಿ. ಮಿಠಾಯಿ ಅಂಗಡಿಯವನು ಅಂಗೈ ಮೇಲೆ ಒಂದು ತುಣುಕು ಇಡುವ ಆ ಸೌಜನ್ಯಕ್ಕೆ ಸೋತು ನಾನು ಹನ್ನೊಂದು ದಿನ ತುಣುಕನ್ನೇ ತಿಂದೆ. ಏನು ವೇಗ, ಏನು ಬಣ್ಣ! ಸೈಟುಗಳೆಲ್ಲ ಬಾಗಿಲು ತೆರೆದವು, ವೇಷಧಾರಿಯ ಕಾಲು ಚೆಂಡೆಯ ಜೊತೆಗೇ ಎದ್ದಿತು. ಆದರೆ ಪ್ರತಿದಿನ ಬೆಳಿಗ್ಗೆ ತಾವು ಹಿಂದಿನ ದಿನದ್ದೆಲ್ಲ ಮರೆತು, ನನ್ನನ್ನು ಈಗಷ್ಟೇ ಮೊದಲ ಸಲ ನೋಡುತ್ತಿರುವಂತೆ, ಸ್ವಾಗತ, ತಮ್ಮ ಭಾಷೆ ಯಾವುದು ಎಂದು ಕೇಳುತ್ತಿದ್ದಿರಿ. ಹನ್ನೊಂದು ದಿನವೂ ಕನ್ನಡ ಎಂದೆ. ಹನ್ನೆರಡನೆಯ ದಿನ ಫೋನು ಮಾಡಿದಾಗ ಅಮೀರಸಾಬರು ಗಹಗಹಿಸಿ ನಕ್ಕು, ಪೆನ್ ಡ್ರೈವಿನ ಮೇಲೆ ಕುಳಿತವರಿಗೆ ನೆನಪು ಇರುವುದಿಲ್ಲ, ಮನೆಯೊಳಗೆ ಜಾಗ ಕೊಟ್ಟರೆ ಮಾತ್ರ ಅವರು ನನ್ನನ್ನು ಗುರುತಿಟ್ಟುಕೊಳ್ಳುತ್ತಾರೆ ಎಂದು ವಿವರಿಸಿದರು. ನ್ಯಾಯವೇ. ಫುಟ್‌ಪಾತಿನಲ್ಲಿ ನಿಲ್ಲಿಸಿ ಮಾತಾಡಿಸಿದವನ ಹೆಸರನ್ನು ನಾನಾದರೂ ಏಕೆ ನೆನಪಿಡಲಿ?

ಆ ದಿನವೇ, ಅಮೀರಸಾಬರು ಬರುವವರೆಗೂ ಕಾಯಲಾರದೆ, ಕಾಲೇಜು ಮೆಟ್ಟಿಲು ಹತ್ತಿದ ಧೈರ್ಯದಿಂದ ನಾನೇ ಸ್ಥಾಪನೆಗೆ ಕುಳಿತೆ. ತಾವು ಮೂರು ಆಯ್ಕೆಗಳನ್ನು ಇಟ್ಟಿರಿ. ಒಂದು, ಇದ್ದವರ ಪಕ್ಕದಲ್ಲಿ ಕೂರುತ್ತೇನೆ. ಎರಡು, ಇರುವುದೆಲ್ಲವನ್ನೂ ಅಳಿಸಿ ನಾನೊಬ್ಬನೇ ಕೂರುತ್ತೇನೆ. ಮೂರು, ಸಂಥಿಂಗ್ ಎಲ್ಸ್. ಮಾನ್ಯರೇ, ನಮ್ಮ ಹೋಟೆಲಿನ ವೇಟರನೊಬ್ಬ ಗಿರಾಕಿಯ ಮುಂದೆ ನಿಂತು, ಕಾಫಿ ತರಲೇ, ಹೋಟೆಲಿಗೆ ಬೆಂಕಿ ಇಡಲೇ, ಅಥವಾ ಔರ್ ಕುಛ್ ಎಂದು ಅದೇ ನಗುಮುಖದಿಂದ ಕೇಳಿದ್ದರೆ ನಾನು ಅವನನ್ನು ಆ ಸಂಜೆಯ ಗಾಡಿಗೇ ಊರಿಗೆ ಕಳಿಸುತ್ತಿದ್ದೆ. ಮೌಸಿನ ಬಾಣ ಎರಡನೆಯದರ ಮೇಲೆ ಅರ್ಧ ಕ್ಷಣ ನಿಂತದ್ದಕ್ಕೆ ನನ್ನ ಬನಿಯನ್ನು ಒದ್ದೆಯಾಯಿತು. ಎರಡೂ ಕೈಯಿಂದ ಮೌಸನ್ನು ಹಿಡಿದು, ಉಸಿರು ಕಟ್ಟಿ, ಪಕ್ಕದಲ್ಲಿ ಕೂರುವುದನ್ನು ಆರಿಸಿದೆ.

ಆಮೇಲೆ ತಾವು ಕೇಳಿದಿರಿ, ನನಗೆ ಎಷ್ಟು ಜಾಗ ಕೊಡುತ್ತೀರಿ? ಒಂದು ಉದ್ದನೆಯ ಪಟ್ಟಿ, ನಡುವೆ ಒಂದು ಗೋಡೆ, ಗೋಡೆಯನ್ನು ಎತ್ತ ಬೇಕಾದರೂ ಸರಿಸಬಹುದು. ತಾವಾಗಿ ಅರ್ಧಕ್ಕೆ ಅರ್ಧ ಎಂದು ತೋರಿಸಿದಿರಿ. ಅರ್ಧ! ನಾನು ಮುಂಬಯಿಗೆ ಬಂದ ಹೊಸತರಲ್ಲಿ ದಾದರಿನ ಒಂದು ಚಾಳಿನ ಗ್ಯಾಲರಿಯಲ್ಲಿ, ಎಂದರೆ ಕೋಣೆಗಳ ಮುಂದಿನ ಉದ್ದನೆಯ ತೆರೆದ ಪಡಸಾಲೆಯಲ್ಲಿ, ಏಳು ಜನರೊಂದಿಗೆ ಮಲಗಿದವನು. ಕಾಲು ಚಾಚಿದರೆ ಕಟ್ಟೆಯಾಚೆ ಗಾಳಿಯಲ್ಲಿ ತೂಗುತ್ತಿತ್ತು. ಒಳಗಿನ ಕೋಣೆ ಮನೆಯವರದು, ಗ್ಯಾಲರಿ ಬಂದವರದು, ಇದು ಈ ಊರಿನ ಕಾಯಿದೆ; ಬಂದವನಿಗೆ ಮೊದಲ ದಿನವೇ ಒಳಗೆ ಜಾಗ ಕೊಟ್ಟ ಎಷ್ಟು ಮನೆಯವರು ಆಮೇಲೆ ತಾವೇ ಗ್ಯಾಲರಿಯಲ್ಲಿ ಮಲಗಿದ್ದನ್ನು ನಾನು ನೋಡಿಲ್ಲ? ಅದೂ ಅಲ್ಲದೆ ಒಳಗಿನ ಕೋಣೆಯಲ್ಲಿ ನೀಲಾವತಿಯ ಆಟವಿದೆ. ಹಾಗಾಗಿ ಗೋಡೆಯನ್ನು ಹಿಡಿದು ತಮ್ಮ ಕಡೆಗೆ ತಳ್ಳಿದೆ, ತಳ್ಳಿದೆ, ಇನ್ನು ಸರಿಯುವುದಿಲ್ಲ ಎಂದು ಅದು ತಾನಾಗಿ ನಿಲ್ಲುವವರೆಗೂ ತಳ್ಳಿದೆ. ಪಟ್ಟಿಯ ತುದಿಯಲ್ಲಿ ಹಲ್ಲಿನ ಸಂದಿಯಷ್ಟು ಜಾಗ ಉಳಿಯಿತು. ತಾವು ಒಂದು ಮಾತೂ ಆಡದೆ, ಕೋಟಿನ ಗುಂಡಿ ಹಾಕಿಕೊಂಡು, ಅದರೊಳಗೆ ಹೋಗಿ ನಿಂತಿರಿ. ನನಗೆ ಆಗಲೇ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಚಪ್ಪಾಳೆ ಹೊಡೆದುಕೊಂಡೆ. ಹೌದು, ಒಬ್ಬನೇ.

ಅಂದಿನಿಂದ ಪ್ರತಿ ಬೆಳಿಗ್ಗೆ ಯಂತ್ರ ಹಾಕಿದರೆ ಒಂದು ಕಪ್ಪು ಪರದೆ ಬಂದು, ಯಾರನ್ನು ಎಬ್ಬಿಸಲಿ, ಹೊಸಬರನ್ನೋ ಹಳಬರನ್ನೋ ಎಂದು ಕೇಳಿ ಹತ್ತರಿಂದ ಇಳಿಎಣಿಕೆ ಮಾಡುತ್ತದೆ. ದಹಿಸರಿನಲ್ಲಿ ಲೋಕಲ್ ರೈಲು ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ತಾವೇ ಎದ್ದಿರುತ್ತೀರಿ. ಎದ್ದರೆ ಎದ್ದಿರಿ, ತಾವು ಜಾಹೀರಾತು ತೋರಿಸುವುದಿಲ್ಲ, ನಡುಮಧ್ಯಾಹ್ನ ನನ್ನನ್ನು ಕೇಳದೆ ಮಲಗಿ ಏಳುವುದಿಲ್ಲ, ಆರು ವರ್ಷದಿಂದ ಮುನಿಸಿಕೊಂಡಿದ್ದ ಪ್ರಿಂಟರನ್ನು ಅದೇನು ಹೇಳಿಯೋ ಒಲಿಸಿಕೊಂಡಿರಿ, ಅದು ಹಳೆಯ ಸಿಟ್ಟೆಲ್ಲ ಸೇರಿಸಿ ಒಮ್ಮೆಗೇ ಹದಿನೇಳು ಹಾಳೆ ಕಾರಿತು. ಇಂಥ ಸಜ್ಜನರ ಮೇಲೆ ದೂರು ಬರೆಯುವುದು ಎಷ್ಟು ಕಷ್ಟ ಎಂಬುದನ್ನು ತಾವು ಈಗಾಗಲೇ ಗಮನಿಸಿರಬಹುದು.

ಒಂದೇ ಒಂದು ಚೇಷ್ಟೆ ಮಾತ್ರ ನನಗೆ ತಿಳಿಯದ್ದು. ತಮ್ಮ ಜೊತೆ ಕೂತು ಎದ್ದು, ಆಮೇಲೆ ಹಳೆಯವರ ಕೋಣೆಗೆ ಹೋದರೆ ಅಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ಹೋಗಿರುತ್ತದೆ. ಇಲ್ಲಿ ಹನ್ನೊಂದೂ ಮುಕ್ಕಾಲು, ಅಲ್ಲಿ ಬೆಳಗಿನ ಆರೂ ಕಾಲು. ಒಂದು ದಿನ ಅದನ್ನು ನಂಬಿ ಎರಡನೆಯ ಸಲ ಹಲ್ಲುಜ್ಜಿ, ಪಾತ್ರೆ ಹಿಡಿದು ಹಾಲಿಗೆ ಹೋಗಿ, ಹಾಲಿನವನು ಅಂಗಡಿ ಮುಚ್ಚುತ್ತಿರುವುದನ್ನು ನೋಡಿ ಆಶ್ಚರ್ಯಪಟ್ಟೆ. ತಾವು ಗಡಿಯಾರವನ್ನು ವಿಲಾಯತಿಯ ವೇಳೆಗೆ ಇಡುತ್ತೀರಂತೆ, ಹಳೆಯವರು ಅದನ್ನೇ ನಮ್ಮ ವೇಳೆ ಎಂದು ಓದಿಕೊಳ್ಳುತ್ತಾರಂತೆ, ಅಮೀರಸಾಬರು ಹೇಳಿದರು. ಅದನ್ನು ಸರಿಮಾಡಬೇಡಿ ಎಂದೆ ಅವರಿಗೆ. ಏಕೆಂದರೆ ಮಾನ್ಯರೇ, ಇಲ್ಲಿಂದ ನನ್ನ ಮೊದಲನೆಯ ವಿನಂತಿ ಶುರುವಾಗುತ್ತದೆ: ಬಂದ ಒಂದೇ ವಾರದಲ್ಲಿ, ಯಾರೂ ಕೇಳದೆಯೇ, ಕಾಲವನ್ನು ಐದೂವರೆ ತಾಸು ಹಿಂದೆ ಸರಿಸಿದವರು, ಕೊಂಚ ಭುಜ ಕೊಟ್ಟು ಇನ್ನೊಂದು ಮೂರು ವರ್ಷ ಎರಡು ತಿಂಗಳು ಹಿಂದೆ ಸರಿಸಲು ಸಾಧ್ಯವೇ? ಮೇಲಿನವರ ಅನುಮತಿ ಬೇಕಿದ್ದರೆ ನಾನು ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕೊಡಬಲ್ಲೆ. ಪ್ರಿಂಟರು ಈಗ ಚೆನ್ನಾಗಿದೆ.

ಮೂರನೆಯ ವಾರಕ್ಕೆ ಗ್ಯಾಲರಿ ತುಂಬಿತು. ಹೊಸ ಅಪ್‌ಡೇಟುಗಳು ಬಂದವು, ಇಡಲು ಜಾಗವಿಲ್ಲ ಎಂದು ತಾವು ನಮ್ರವಾಗಿ ತಿಳಿಸಿದಿರಿ. ಸಂಘದ ವಾರ್ಷಿಕೋತ್ಸವದ ಫೋಟೋಗಳನ್ನು ಅಳಿಸಿದೆ. ಮಾರನೆಯ ದಿನ ಮತ್ತೆ ತಿಳಿಸಿದಿರಿ. ಯಕ್ಷಗಾನ ಅಳಿಸಿದೆ. ಮತ್ತೆ ತಿಳಿಸಿದಿರಿ, ಅದೇ ನಮ್ರತೆಯಿಂದ, ಕೊನೆಗೆ ಏಳುವುದಕ್ಕೇ ಜಾಗವಿಲ್ಲದೆ ಅರ್ಧ ಎದ್ದು ನಿಂತುಬಿಟ್ಟಿರಿ. ಅಮೀರಸಾಬರು ಬಂದು ಪಟ್ಟಿಯನ್ನು ನೋಡಿ ತಲೆಗೆ ಕೈಯಿಟ್ಟುಕೊಂಡರು. ಇಷ್ಟರೊಳಗೆ ಇವರು ಇಷ್ಟು ದಿನ ಬದುಕಿದ್ದೇ ಹೆಚ್ಚು, ಹಳೆಯವರ ಕೋಣೆಯಿಂದ ಕತ್ತರಿಸಿ ಕೊಡಲೇಬೇಕು, ಇಲ್ಲದಿದ್ದರೆ ಹೊಸಬರನ್ನು ಕಳಿಸಿಬಿಡಿ ಎಂದರು. ಕತ್ತರಿಸುವಾಗ ಹಳೆಯವರಿಗೆ ಏನಾದರೂ ಆದೀತೇ ಎಂದು ಕೇಳಿದೆ. ನೂರಕ್ಕೆ ತೊಂಬತ್ತೊಂಬತ್ತು ಏನೂ ಆಗುವುದಿಲ್ಲ ಎಂದರು. ಆಗ ನಾನು ಉಳಿದ ಒಂದರ ಬಗ್ಗೆ, ಎಂದರೆ ಚೌಕದ ಬಗ್ಗೆ, ಮೊದಲ ಸಲ ಒಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟೆ.

ಅಮೀರಸಾಬರು ನಗಲಿಲ್ಲ. ಫೋಟೋ, ಕಾಗದಪತ್ರಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿ ಇಡಬಹುದು, ಆದರೆ ಈ ಆಟ ತನ್ನ ಅರ್ಧ ಎಲೆಗಳನ್ನು ಯಾವ ಮೂಲೆಯಲ್ಲಿ ಬಚ್ಚಿಡುತ್ತದೋ ತಾನು ಖಾತ್ರಿ ಹೇಳಲಾರೆನೆಂದರು. ಚಾಕು ಹಾಕುವ ಮೊದಲು ಆಟವನ್ನು ಒಮ್ಮೆ ತೆರೆದು ಆಡಿ ಮುಗಿಸಿಬಿಡಿ, ಆಮೇಲೆ ಕಳೆದುಕೊಳ್ಳಲಿಕ್ಕೆ ಏನೂ ಇರುವುದಿಲ್ಲ ಎಂದರು. ಅಷ್ಟರಲ್ಲಿ ನಿಶಾಳ ಊಟದ ಪಟ್ಟಿಯ ಫೋನು ಬಂತು. ಹೇಗೂ ಬಾಯಿ ತೆರೆದಿದ್ದೆ, ಅವಳಿಗೂ ಹೇಳಿಬಿಟ್ಟೆ. ಆ ಕಡೆ ಅವಳು ಗ್ಯಾಸು ಆರಿಸಿದ್ದು ಕೇಳಿಸಿತು. ಆಮೇಲೆ, "ಪಪ್ಪಾ, ತೀನ್ ಸಾಲ್ ನನಗೆ ಯಾಕೆ ಹೇಳ್ಲಿಲ್ಲ? ಈಗ ಓಪನ್ ಮಾಡಿ. ನಾನು ಫೋನಲ್ಲೇ ಇರ್ತೇನೆ," ಎಂದಳು.

ಹೀಗೆ ಭಾನುವಾರದ ಹನ್ನೊಂದು ಗಂಟೆಗೆ, ಹಳೆಯವರ ಗಡಿಯಾರದಲ್ಲಿ ಐದೂವರೆಗೆ, ನಾನು ನೀಲಾವತಿಯ ಸ್ಟೂಲಿನಲ್ಲಿ ಕುಳಿತೆ. ಅಮೀರಸಾಬರು ಹಿಂದೆ ಚಹಾದ ಲೋಟ ಹಿಡಿದು ನಿಂತರು, ನಿಶಾ ಫೋನಿನ ಸ್ಪೀಕರಿನಲ್ಲಿ ನಿಂತಳು. ಚೌಕ ಬಂತು, ಕೇಳಿತು. ಯೆಸ್ ಒತ್ತಿದೆ. ಅವಳ ಎಲೆಗಳು ಹರಡಿಕೊಂಡವು: ಒಂದು ಕಡೆ ರಾಜನಿಂದ ಆರರವರೆಗೆ ಒಪ್ಪವಾಗಿ ಇಳಿಸಿದ ಸಾಲು, ಇನ್ನೊಂದು ಕಡೆ ಒಂಟಿಯಾಗಿ ಕುಳಿತ ಇಸ್ಪೀಟಿನ ರಾಣಿ. ನಾನು ಕನ್ನಡಕ ಒರೆಸಿ ನೋಡಿದೆ. ಯಾವುದನ್ನು ಎಲ್ಲಿ ಇಡಬೇಕೆಂದು ಹೊಳೆಯಲಿಲ್ಲ. ಕೈಯಲ್ಲಿದ್ದ ಎಲೆಗಳನ್ನು ಒಂದೊಂದಾಗಿ ತಿರುವಿದೆ, ಮೂರು ಸುತ್ತು ತಿರುವಿದೆ. ಅಮೀರಸಾಬರು ಬಗ್ಗಿ ನೋಡಿದರು, ಅವರೂ ಒಂದು ಸುತ್ತು ತಿರುವಿಸಿದರು, ಆಮೇಲೆ ಸುಳಿವು ಕೇಳುವ ಒಂದು ಕೀಲಿಯನ್ನು ತೋರಿಸಿ ಒತ್ತಿಸಿದರು. ಯಂತ್ರ ತನ್ನಲ್ಲಿ ಸುಳಿವಿಲ್ಲ ಎಂದಿತು.

"ಇದರಾಗ ಆಡೂದ ಏನೂ ಉಳಿದಿಲ್ರಿ ಸಾಹೇಬ್ರ," ಎಂದರು ಅಮೀರಸಾಬರು. "ನಿಮ್ಮ ಮನಿಯವ್ರು ಸೋತ ಎದ್ದಾರ್ರಿ."

ಫೋನಿನಿಂದ ನಿಶಾ ನಗುವ ಸದ್ದು ಬಂತು. ಅಳುತ್ತಿದ್ದಾಳೇನೋ ಎಂದು ನಾನು ಹೆದರಿದೆ, ಅಲ್ಲ, ನಗುತ್ತಿದ್ದಳು. "ಪಪ್ಪಾ, ಮಮ್ಮಿ ಆಟ ಅಟಕ್ ಹೋದ್ರೆ, ಮುಂದೆ ಹೋಗದಿದ್ರೆ, ಸೇವ್ ಮಾಡಿ ಇಡ್ತಿದ್ರು. ನೋ ಒತ್ತಿದ್ರೆ ಸೋತ ಲೆಕ್ಕ, ಅದು ನಾನು ಒತ್ತುವುದಿಲ್ಲ, ನಿನ್ನ ಪಪ್ಪಾ ಒತ್ಲಿ, ಹಾಗೆ ಹೇಳ್ತಿದ್ರು. ನಿಮಗೆ ಗೊತ್ತಿರ್ಲಿಲ್ವಾ?"

ಮಾನ್ಯರೇ, ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ನಾನು ಮಾಡಿದ್ದು ಉದ್ಘಾಟನೆಯಲ್ಲ. ಗೆಲುವೆಲ್ಲ ಅವಳ ಬೆರಳಿನದು, ಸೋಲೆಲ್ಲ ನನ್ನದು. ನಾನು ಚಪ್ಪಲಿ ಬಿಡುವ ಮೊದಲೇ ಅವಳು ಕೂಗುತ್ತಿದ್ದದ್ದು ನನ್ನ ಮೇಲಿನ ಕಾತರದಿಂದ ಎಂದುಕೊಂಡಿದ್ದೆ, ಅದು ಮೂರು ಗಂಟೆಗೆ ಕಟ್ಟಿಕೊಂಡ ಆಟವನ್ನು ಬಿಡಿಸಿಕೊಳ್ಳುವ ಕಾತರ. ಆ ಆಟದ ಲೆಕ್ಕದ ಹಾಳೆ ತೆಗೆದು ನೋಡಿದೆವು: ಆಡಿದ್ದು ಆರು ಸಾವಿರದ ಮುನ್ನೂರ ಹದಿನೇಳು, ಗೆದ್ದದ್ದು ಒಂದು ಸಾವಿರದ ಇನ್ನೂರ ನಾಲ್ಕು. ಉಳಿದ ಐದು ಸಾವಿರ ಚಿಲ್ಲರೆ ಸಲ ಸೋತ ಮನುಷ್ಯ ತಮ್ಮ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದಾನೆ. ಮೂರು ವರ್ಷ ನಾನು ಕೈಮುಗಿದದ್ದು ಅವಳ ಅರ್ಧ ಉಳಿದ ಆಟಕ್ಕಲ್ಲ, ನಾನು ಬಂದು ತಲೆಗೆ ಹಾಕಿಕೊಳ್ಳಲೆಂದು ಅವಳು ಇಟ್ಟುಹೋದ ಸೋಲಿಗೆ. ನನಗೂ ನಗು ಬಂತು. ಅಮೀರಸಾಬರ ಕೈಯಲ್ಲಿ ಲೋಟ ಅಲುಗಿ ಚಹಾ ಕ್ರೋಶಾದ ಮುಸುಕಿನ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕು, ಅದರಲ್ಲಿ ಒಬ್ಬಳು ಠಾಣೆಯಿಂದ, ಬಹಳ ಕಾಲವಾಗಿತ್ತು.

ಆಮೇಲೆ ಎಲ್ಲವನ್ನೂ ಅವಳ ಕ್ರಮದಂತೆಯೇ ಮಾಡಿದೆವು. ಆಟವನ್ನು ಉಳಿಸಿ ಮುಚ್ಚಿದೆವು, ಮತ್ತೆ ತೆರೆದೆವು, ಚೌಕ ಬಂದು ಕೇಳಿತು. ಕನ್ನಡಕವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿದೆ. ಬೆರಳಿಗೆ ಜಾಗ ಗೊತ್ತಿತ್ತು, ಬಲಗಡೆ. ಒತ್ತಿದೆ. ಸೋಲು ಒಂದು ಹೆಚ್ಚಾಯಿತು, ಎಲೆಗಳು ಹೊಸದಾಗಿ ಹರಡಿಕೊಂಡವು.

ಆ ದಿನವೇ ಅಮೀರಸಾಬರು ಗೋಡೆಯನ್ನು ಸರಿಸಿ ತಮಗೆ ಅರ್ಧ ಕೋಣೆ ಕೊಟ್ಟರು. ಹಳೆಯವರಿಗೆ ಏನೂ ಆಗಲಿಲ್ಲ, ಲೆಕ್ಕದ ಹಾಳೆಯೂ ಹಾಗೆಯೇ ಇದೆ, ನನ್ನ ಇತ್ತೀಚಿನ ಸೋಲಿನ ಸಮೇತ. ಆದ್ದರಿಂದ ನನ್ನ ದೂರು ಇಷ್ಟೇ: ತಾವು ಬಾರದೆ ಇದ್ದಿದ್ದರೆ, ಬಂದರೂ ಗ್ಯಾಲರಿ ಸಾಕು ಎಂದು ಅಡ್ಜಸ್ಟ್ ಮಾಡಿಕೊಂಡಿದ್ದರೆ, ಮುಂಬಯಿಯ ಎಲ್ಲ ಬಾಡಿಗೆದಾರರಂತೆ ಕಾಲು ಮಡಚಿ ಮಲಗಿದ್ದರೆ, ನಾನು ಇನ್ನೂ ಹತ್ತು ವರ್ಷ ಆ ಚೌಕಕ್ಕೆ ಕೈಮುಗಿದುಕೊಂಡು ಸುಖವಾಗಿ ದುಃಖಪಡುತ್ತಿದ್ದೆ. ತಾವು ಕಾಲು ಚಾಚಿದ ಒಂದೇ ಕಾರಣಕ್ಕೆ, ಅಷ್ಟೊಂದು ವರ್ಷ ಒಳ್ಳೆಯ ಗಂಡ ಎನಿಸಿಕೊಂಡವನು ಈಗ ಬರೀ ಸೋಲು ಹೊರುವ ಹಮಾಲಿ ಎಂದು ಮಗಳ ಮುಂದೆ ಬಯಲಾದೆ. ಈ ಮಾನಹಾನಿಗೆ ಪರಿಹಾರವಾಗಿ, ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಆ ಕಪ್ಪು ಪರದೆಯ ಹತ್ತು ಸೆಕೆಂಡನ್ನು ಅರ್ಧ ಗಂಟೆಗೆ ಏರಿಸಬೇಕು, ಹಳೆಯವರ ಗಡಿಯಾರವನ್ನು ಯಾವ ಕಾರಣಕ್ಕೂ ಸರಿಮಾಡಬಾರದು, ಮತ್ತು ಮೇಲೆ ಹೇಳಿದ ಮೂರು ವರ್ಷ ಎರಡು ತಿಂಗಳ ಅರ್ಜಿಯನ್ನು ತಿರಸ್ಕರಿಸುವುದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ಕೋರುತ್ತೇನೆ. ಕೈಂಡ್ಲೀ ಡೂ ದಿ ನೀಡ್‌ಫುಲ್. ಈ ಸಾಲು ಕಲಿಸಿದ ದಿನ ನಾನು ತರಗತಿಯಲ್ಲಿದ್ದೆ.

ಅರ್ಧ ಕೋಣೆಯ ನೆರೆಯವನೂ ಅರ್ಧ ಇಂಗ್ಲಿಷಿನವನೂ ಆದ
ತಮ್ಮ ವಿಶ್ವಾಸಿ,
ದೂಜ ಸಾಲಿಯಾನ್

ತಾ.ಕ.: ತಮ್ಮ ಕಡೆಯಲ್ಲೂ ಒಂದು ಇಸ್ಪೀಟಾಟ ಪುಕ್ಕಟೆ ಇದೆ ಎಂದು ಅಮೀರಸಾಬರು ತೋರಿಸಿಕೊಟ್ಟ ಮೇಲೆ ನಾನೂ ಮೂರು ಗಂಟೆಗೆ ಕೂರುತ್ತಿದ್ದೇನೆ. ನಾಲ್ಕು ದಿನಗಳಿಂದ ಒಂದು ಆಟ ಕಟ್ಟಿಕೊಂಡು ನಿಂತಿದೆ. ಒತ್ತಿಕೊಡಿ ಎಂದು ಕರೆದದ್ದಕ್ಕೆ ಅಮೀರಸಾಬರು, ನಿಮ್ಮ ಸೋಲು ನೀವ ಒತ್ತಿಕೊಳ್ರಿ ಎಂದು ಫೋನಿಟ್ಟರು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಕೋಣೆಯ ಅರ್ಧ ತಿಂದವರು ತಾವೇ ಆದ್ದರಿಂದ, ಚಪ್ಪಲಿ ಬಿಡುವ ಮೊದಲೇ ಬಂದು ತಮ್ಮ ಕೊಕ್ಕಿನಿಂದ ಬಲಗಡೆಯದನ್ನೊಂದು ಒತ್ತಿ ಹೋಗತಕ್ಕದ್ದು. ಸಾಂಬಾರು ಎಷ್ಟು ಸಲ ಬೇಕಾದರೂ ಹಾಕುತ್ತೇನೆ. ತಣ್ಣಗಿದೆ ಎಂದರೆ ಮಾತ್ರ ಗ್ಯಾಲರಿ ಇನ್ನೂ ಖಾಲಿಯೇ ಇದೆ.